ಮೊದಲ ಧಾರೆ ಯಾರದು

ಕೆಳಗಿನ ಮನೆಯ ಮಗುವಿಗೆ ಮೈತುಂಬ ಗುಳ್ಳೆ, ಅಮ್ಮ ಎದ್ದಿದ್ದಾಳೆ. ನಿನ್ನೆ ಸ್ನಾನಕ್ಕೆಂದು ಬೇವಿನ ತಪ್ಪಲು ಕುದಿಸುತ್ತಿದ್ದರು. ಆ ಕಹಿ ಉಗಿ ಬಾದಾಮಿ ಊರಿನ ನಮ್ಮ ಮಹಡಿಯವರೆಗೆ ಬಂದಾಗ ನನಗೆ ನೆನಪಾದದ್ದು ಒಂದು ಆಕಳ ಕೆಚ್ಚಲು. ನೆನಪು ಇಷ್ಟು ಸರಾಗವಾಗಿ ಬಂದರೆ ನನಗೆ ಅನುಮಾನ. ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ.

ಆಗ ನಾನು ಕುಳಗೇರಿ ಕ್ರಾಸ್ ಹತ್ತಿರದ ಹಳ್ಳಿಯೊಂದರಲ್ಲಿ ಶಿಕ್ಷಕಿಯಾಗಿದ್ದೆ. ಹಾಲು ತರುತ್ತಿದ್ದುದು ಬಾಜೂ ಮನೆಯಿಂದ. ಹಿಂಡುತ್ತಿದ್ದವಳು ಆ ಮನೆಯ ಸೊಸೆ. ಆಕಳು ಅವಳ ತವರಿನಿಂದ ಬಂದದ್ದು. ಆ ಮನೆಯಲ್ಲಿ ಅವಳು ತನ್ನದು ಎನ್ನಬಹುದಾದದ್ದು ಅದೊಂದೇ.

ಹಿಂಡುವ ಮೊದಲು ಬೇವಿನ ತಪ್ಪಲು ಕುದಿಸಿ ಆರಿಸಿದ ನೀರಿನಿಂದ ಕೆಚ್ಚಲು ತೊಳೆಯುತ್ತಿದ್ದಳು. ಬಿಸಿಲಿಗೆ ಒಣಗಿದ ಅರಿವೆಯಿಂದ ಒಂದು ಹನಿಯೂ ಉಳಿಯದಂತೆ ಒರೆಸುತ್ತಿದ್ದಳು. ಆಮೇಲೆ ಬಟ್ಟಲಿನ ಬಾಯಿಗೆ ಕರಿ ಅರಿವೆ ಬಿಗಿದು, ಪ್ರತಿ ಮೊಲೆಯ ಮೊದಲ ಧಾರೆಯನ್ನು ಅದರ ಮೇಲೆ ಹಿಂಡಿ, ಹಾಲು ಒಡೆದಿದೆಯೇ ಎಂದು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಚೆಲ್ಲಿಬಿಡುತ್ತಿದ್ದಳು. ದನದ ಡಾಕ್ಟರು ಹೇಳಿಕೊಟ್ಟದ್ದಂತೆ.

ತೊಳೆಯುವುದು ಅತ್ತೆಗೆ ನಗೆಯ ಮಾತಾಗಿತ್ತು. “ಕರ ನೆಕ್ಕಿ ಸ್ವಚ್ಛ ಮಾಡೇತಿ. ಮತ್ತ ಈಕಿ ಬಾಣಂತಿಗೆ ಎರದಂಗ ಎರಿಯಾಕತ್ತಾಳ ನೋಡ್ರಿ ಅಕ್ಕೋರ, ನಮ್ಮ ಡಾಕ್ಟರ್ ಬಾಯಿ!” ಆದರೆ ಚೆಲ್ಲುವುದಕ್ಕೆ ಅವರು ನಗಲಿಲ್ಲ. ಆ ಮನೆಯಲ್ಲಿ ಮೊದಲ ಧಾರೆ ದೇವರ ಬಟ್ಟಲಿಗೆ ಬೀಳಬೇಕು. ಮೊದಲಿನಿಂದಲೂ ಹಾಗೇ...

ಒಂದು ಮುಂಜಾನೆ ನಾನು ಪಾತ್ರೆ ಹಿಡಿದು ನಿಂತಿದ್ದಾಗ ಕರಿ ಅರಿವೆಯ ಮೇಲೆ ಒಂದು ಮೊಲೆಯಿಂದ ಒಡೆದ ಮೊಸರಿನಂಥ ಗಂಟುಗಳು ಬಿದ್ದವು. ಕೆಚ್ಚಲು ಬಾವು ಶುರುವಾಗಿತ್ತು. ಅತ್ತೆ ಬಗ್ಗಿ ನೋಡಿದರು.

“ಕಂಡೀ? ದೇವರ ಧಾರಿ ನೆಲಕ್ಕ ಚೆಲ್ಲಿದ್ದಕ್ಕ ಬಂದಿದ್ದಿದು. ಏಳು. ಇವತ್ತಿಂದ ಆಕಳಾ ಮುಟ್ಟಬ್ಯಾಡ.”

“ಎಬ್ಬಿಸ್ರಿ ನೋಡೂಣು” ಎಂದಳು ಸೊಸೆ, ಕೂತಲ್ಲಿಂದಲೇ.

ಚೆನ್ನಾಗಿದ್ದ ಮೂರು ಮೊಲೆಗಳನ್ನು ಪೂರ್ತಿ ಹಿಂಡಿದಳು. ಕಡೆಯ ಗಟ್ಟಿ ಧಾರೆಗಳನ್ನು ದೇವರ ಬಟ್ಟಲಿಗೆ ಬಿಟ್ಟು, ಅದನ್ನೂ ಗಂಟು ಬಿದ್ದ ಕರಿ ಅರಿವೆಯ ಬಟ್ಟಲನ್ನೂ ಅತ್ತೆಯ ಕಾಲ ಮುಂದೆ ಇಟ್ಟಳು.

“ಅತ್ತಿ, ಇದು ಮೊದಲಿಂದು, ಇದು ಕಡೀದು. ಬೆಣ್ಣಿ ಇರೂದು ಕಡೀ ಧಾರ್ಯಾಗ. ದೇವರಿಗೆ ಯಾವುದು ಒಯ್ತೀರಿ? ಅಕ್ಕೋರು ಅದಾರ, ಅವರ ಮುಂದ ಹೇಳ್ರಿ.”

ನಾನು ಕೈಯಲ್ಲಿದ್ದ ಪಾತ್ರೆಯ ಕಡೆ ನೋಡಿದೆ. ಆಮೇಲೆ ಏನಾಯಿತು... ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಅತ್ತೆ ಕಡೆಯ ಧಾರೆಯ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋಗುತ್ತಾರೆ. ಇನ್ನೊಂದರಲ್ಲಿ ಎರಡನ್ನೂ ಕಾಲಿನಿಂದ ಉರುಳಿಸುತ್ತಾರೆ. ಮೊದಲನೆಯದು ಬಲು ಚೆಂದ ಇದೆ. ಅದಕ್ಕೇ ಅದನ್ನು ನಂಬುವುದಿಲ್ಲ.

ಖಾತ್ರಿ ಇರುವುದು ಇಷ್ಟು. ಡಾಕ್ಟರು ಬಂದರೂ ಆ ಮೊಲೆ ಬತ್ತಿತು. “ಒಂದ ಹೋತಲ್ಲ” ಎಂದು ಅತ್ತೆ ಚುಚ್ಚಿದರೆ, “ಮೂರ ಅದಾವಲ್ರಿ” ಎನ್ನುತ್ತಿದ್ದಳು. ಮರುದಿನವೂ, ನನಗೆ ವರ್ಗವಾಗುವವರೆಗೂ, ಆಕಳ ಪಕ್ಕ ಕೂತವಳು ಅವಳೇ. ತೊಳೆಯುವುದನ್ನೂ ಬಿಡಲಿಲ್ಲ, ಚೆಲ್ಲುವುದನ್ನೂ ಬಿಡಲಿಲ್ಲ.

ಹೋದ ತಿಂಗಳು ಅವಳು ತೀರಿಕೊಂಡಳು. ಮನೆಯವರನ್ನು ಮಾತಾಡಿಸಲು ಹೋದಾಗ ಪಡಸಾಲೆಯಲ್ಲಿ ಹಿರಿಯರೊಬ್ಬರು ಎಲ್ಲರಿಗೂ ಕೇಳುವಂತೆ ಹೊಗಳುತ್ತಿದ್ದರು: “ಭಾಳ ಸಂಭಾವಿತ ಹೆಣ್ಮಗಳು. ಅತ್ತಿಗೆ ಒಂದಿನಾನೂ ಎದುರು ಮಾತಾಡಿದಾಕಿ ಅಲ್ಲ.” ಸುತ್ತಲಿದ್ದವರು ತಲೆಯಾಡಿಸಿದರು. ಅವಳನ್ನು ಎರಡನೇ ಸಲ ಮಣ್ಣು ಮಾಡುತ್ತಿದ್ದಾರೆ ಅನ್ನಿಸಿತು ನನಗೆ.

“ಮಾತಾಡಿದ್ಳರಿ” ಎಂದೆ. “ನಾ ಅಲ್ಲೇ ನಿಂತಿದ್ದೆ.”

ಯಾರೋ ನನ್ನ ಕೈಗೆ ಚಹಾ ಕೊಟ್ಟು ಮಾತು ತಿರುಗಿಸಿದರು. ಹೌದು, ಮಾತಾಡಿದ್ದೆ ಎನ್ನಬೇಕಾದವಳು ಅಲ್ಲಿರಲಿಲ್ಲ.