ಆಲಿವ್ ಸಸಿಗಳಿಗೆ ನಾನು ಕದ್ದು ಹಾಕಿದ ನೀರು

ಕದ್ದು ನೀರು ಕುಡಿಸುವುದೂ ತಪ್ಪೇ? ಕಳೆದ ಬೇಸಿಗೆಯಲ್ಲಿ ಆ ತಪ್ಪನ್ನು ನಾನು ಎಂಟು ವಾರ ಮಾಡಿದೆ.

ನಮ್ಮಕ್ಕ ಸೈನ್ಸ್ ಟೀಚರ್ ಆಗಿ ರಿಟೈರ್ ಆದವಳು. ಮಂಚೇನಹಳ್ಳಿಯ ಹೊರಗೆ ಅವಳದೊಂದು ಹೊಲವಿದೆ. ಬೋರ್‌ವೆಲ್ ಇಲ್ಲ. ಆಲಿವ್ ಒಣನೆಲದಲ್ಲೂ ಬದುಕುವ ಮರವೆಂದು ಎಲ್ಲೋ ಓದಿ, ಇಪ್ಪತ್ತು ಸಸಿ ತರಿಸಿ ಮಳೆಗಾಲದಲ್ಲಿ ಎರಡು ಸಾಲು ನೆಟ್ಟಳು. (ಹೌದು, ಪಿಜ್ಜಾ ಮೇಲೆ ಕಪ್ಪು ಉಂಗುರದ ಹಾಗೆ ಕೂತಿರುತ್ತಲ್ಲ, ಅದೇ.) ಕಾಯಿ ಬಿಡುತ್ತಾ ಅಂತ ಕೇಳಿದರೆ, "ಮೊದ್ಲು ಬದುಕ್ಲಿ ಕಣೇ" ಅಂದಳು.

ಒಂದು ಸಾಲಿನ ಗುಂಡಿಗಳಿಗೆ ಕೆರೆಯ ತಳದಿಂದ ತೆಗೆದ ಗೋಡು, ಕಾಂಪೋಸ್ಟ್, ಇದ್ದಿಲ ಪುಡಿ ಬೆರೆಸಿದ ಮಣ್ಣು. ಇನ್ನೊಂದಕ್ಕೆ ಅಲ್ಲಿನದೇ ಬರೀ ಕೆಂಪು ಮಣ್ಣು. ಮಳೆ ನಿಂತ ಮೇಲೆ ಯಾವ ಸಾಲಿಗೂ ತೊಟ್ಟು ನೀರಿಲ್ಲ. ಗೋಡು ಹಿಡಿದಿಟ್ಟ ತೇವದಲ್ಲೇ ಸಸಿ ಬೇಸಿಗೆ ದಾಟುತ್ತದೆಯೇ ಎಂದು ನೋಡಬೇಕಿತ್ತು ಅವಳಿಗೆ.

ನನ್ನ ಸ್ಕೂಲು ಅಲ್ಲೇ ಹತ್ತಿರ. ಸಂಜೆ ಸ್ಕೂಟರಿನಲ್ಲಿ ಗೌರಿಬಿದನೂರಿಗೆ ಮರಳುವಾಗ ಕಣ್ಣು ಹೊಲದತ್ತಲೇ. ಮಾರ್ಚ್ ಬಂತು. ಕೆಂಪು ಮಣ್ಣಿನ ಸಾಲಿನ ಎಲೆಗಳು ಮುದುರತೊಡಗಿದವು. ಪಾಠ ಮಾಡುತ್ತಿದ್ದರೂ ಅದೇ ಯೋಚನೆ, ಊಟಕ್ಕೆ ಕೂತರೂ ಅದೇ. ಒಂದು ದಿನ ತಡೆಯಲಾಗಲಿಲ್ಲ. ಸ್ಕೂಲಿನ ನಲ್ಲಿಯಲ್ಲಿ ಕ್ಯಾನ್ ತುಂಬಿಸಿ, ಸ್ಕೂಟರಿನ ಮುಂದಿಟ್ಟುಕೊಂಡು ಹೋಗಿ, ಆ ಹತ್ತು ಸಸಿಗಳಿಗೂ ಸುರಿದೆ. ಅಕ್ಕ ಹೊಲಕ್ಕೆ ಬರುವುದು ಬೆಳಿಗ್ಗೆ. ಅಷ್ಟರಲ್ಲಿ ಮೇಲ್ಮಣ್ಣು ಒಣಗಿರುತ್ತಿತ್ತು. ಆಮೇಲೆ ವಾರಕ್ಕೆರಡು ಸಲ ಅದೇ ಕೆಲಸ. ಬೇಸಿಗೆ ರಜೆ ಶುರುವಾದ ಮೇಲೂ ಮನೆಯಿಂದ ಕ್ಯಾನ್ ತುಂಬಿಸಿಕೊಂಡು ಸಂಜೆ ಬರುತ್ತಿದ್ದೆ.

ಮೇ ತಿಂಗಳ ಒಂದು ಭಾನುವಾರ ಅಕ್ಕ ಟೇಪು ಹಿಡಿದು ಸಸಿಗಳನ್ನು ಅಳೆದಳು. ಪಕ್ಕದ ಹೊಲದ ಮುನಿನಾರಾಯಣಪ್ಪನವರೂ ಬಂದು ನಿಂತಿದ್ದರು. ಅವರು ಎರಡು ಎಕರೆಗೆ ಮಾವಿನ ಸಸಿ ನೆಡುವವರಿದ್ದರು. ಅದಕ್ಕೆ ಗೋಡು ತರಿಸಲು ಟ್ರ್ಯಾಕ್ಟರಿಗೂ ಹೇಳಿದ್ದರು.

"ಎರಡು ಸಾಲೂ ಒಂದೇ ಥರ ಇದಾವಲ್ಲ," ಅಕ್ಕನ ಮುಖ ಸಣ್ಣದಾಯಿತು. "ಗೋಡು ಹಾಕಿದ್ದು ದಂಡ ಅನ್ಸುತ್ತೆ."

"ಅಂತೇ ಕದಾ, ಅಷ್ಟೇ ಅಲ್ವಾ ಟೀಚರಮ್ಮಾ! ನಂಗೂ ಡೌಟಿತ್ತು. ಟ್ರ್ಯಾಕ್ಟರ್‌ನೋನಿಗೆ ಬೇಡ ಅಂದ್ಬಿಡ್ತೀನಿ," ಅಂತ ಮುನಿನಾರಾಯಣಪ್ಪ ಫೋನ್ ತೆಗೆದರು.

ಸುಮ್ಮನಿದ್ದರೆ ನಾನು ಬಚಾವ್. ಅವರ ಎರಡು ಎಕರೆ?

"ತಡೀರಿ. ನಾನು ನೀರು ಹಾಕಿದೀನಿ," ಅಂದೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೋಟ್‌ಬುಕ್ ತೆರೆದು, "ಯಾವತ್ತಿಂದ? ಒಂದ್ಸಲಕ್ಕೆ ಎಷ್ಟು?" ಅಂತ ಕೇಳಿ, ನಾನು ಹೇಳಿದ್ದನ್ನೆಲ್ಲ ಬರೆದುಕೊಂಡಳು.

"ಮಳೆ ಬರೋವರ್ಗೂ ದಿನಾ ಬಂದು ನೋಡು. ಬರೀ ಕೈಯಲ್ಲಿ ಬಾ."

ಹೋದೆ. ಅಂಥ ಶಿಕ್ಷೆ ಯಾರಿಗೂ ಬೇಡ. ಮಳೆ ಬೀಳುವಷ್ಟರಲ್ಲಿ ಕೆಂಪು ಮಣ್ಣಿನ ಸಾಲಿನಲ್ಲಿ ಏಳು ಸಸಿ ಒಣಗಿದವು. ಗೋಡಿನ ಸಾಲಿನಲ್ಲಿ ಸತ್ತದ್ದು ಒಂದೇ. ಮುನಿನಾರಾಯಣಪ್ಪನವರ ಹೊಲಕ್ಕೆ ಗೋಡು ಬಂದು ಬಿತ್ತು.

ಒಣಗಿದ ಸಸಿಯೊಂದನ್ನು ಅಕ್ಕ ಕಿತ್ತು ತೋರಿಸಿದಳು. ಬೇರುಗಳೆಲ್ಲ ಮೇಲೇ, ಗೇಣುದ್ದದೊಳಗೆ ಹರಡಿಕೊಂಡಿದ್ದವು. "ಮೇಲೇ ನೀರು ಸಿಗ್ತಾ ಇದ್ರೆ ಅದ್ಯಾಕೆ ಕೆಳಗೆ ಇಳಿಯುತ್ತೆ, ಹೇಳು?"

ನೀರು ಹಾಕದಿದ್ದರೂ ಅವು ಒಣಗುತ್ತಿದ್ದವೇನೋ. ಗೊತ್ತಿಲ್ಲ. ಅದನ್ನು ತಿಳಿಯುವ ದಾರಿಯನ್ನು ನಾನೇ ಕೆಡಿಸಿದ್ದೆ.

ಮೊನ್ನೆ ಯೂನಿಟ್ ಟೆಸ್ಟ್. ಹುಡುಗಿಯೊಬ್ಬಳು ಒಂದು ಲೆಕ್ಕದ ಮುಂದೆ ಪೆನ್ನು ಕಚ್ಚುತ್ತ ಕೂತಿದ್ದಳು. ಅವಳ ಬೆಂಚಿನ ಹತ್ತಿರ ಮೂರು ಸಲ ಹೋದೆ. ಮೂರು ಸಲವೂ ಉತ್ತರ ತುಟಿಯವರೆಗೆ ಬಂತು. ಕಷ್ಟಪಟ್ಟು ಕಿಟಕಿಯ ಹತ್ತಿರ ಹೋಗಿ ನಿಂತೆ.

ನಾವು ಓಡಿ ಹೋಗಿ ನೆರವಾಗುವುದು ಅವರ ಕಷ್ಟ ನೋಡಲಾರದೆಯೋ, ನಮಗೆ ಸುಮ್ಮನಿರಲು ಬಾರದೆಯೋ?