ಖಾಲಿ ಮನೆಯ ಗುರುತು

ಕುವೆಂಪುನಗರದಲ್ಲಿ ಖಾಲಿ ಮನೆಗಳ ನಲ್ಲಿ ಸಂಪರ್ಕ ಕಡಿಯುವ ಸಮೀಕ್ಷೆ ನಡೆದಾಗ, ಜೀವಶಾಸ್ತ್ರದ ಮೇಷ್ಟ್ರಾದ ನನ್ನ ಕೈಗೂ ಒಂದು ಟ್ಯಾಬ್ ಕೊಟ್ಟಿದ್ದರು. ಜೊತೆಗೊಬ್ಬ ಮೇಲ್ವಿಚಾರಕರು. ಬೆಳಗ್ಗೆ ಆರೂವರೆಗೆ ಒಂದು ಮನೆಯ ಮುಂದೆ ನಿಂತೆವು. ಗೇಟಿಗೂ ಕಂಬಕ್ಕೂ ನಡುವೆ ಊಟದ ತಟ್ಟೆಯಷ್ಟು ಅಗಲದ ಬಲೆ, ಅದರ ಮಧ್ಯದಲ್ಲಿ ತೋಟದ ಜೇಡ.

"ಬಲೆ ನೋಡಿ. ಆರು ತಿಂಗಳಿಂದ ಯಾರೂ ಗೇಟು ತೆಗೆದಿಲ್ಲ. ಖಾಲಿ ಅಂತ ಹಾಕಿ," ಎಂದರು ಅವರು.

"ಸಾರ್, ಈ ಜೇಡ ಹಳೇ ಬಲೆಯನ್ನ ತಾನೇ ತಿಂದು ದಿನಾ ಹೊಸದು ಹೆಣೆಯುತ್ತೆ. ಇದು ಇವತ್ತಿನದು."

"ಪಾಠ ಸ್ಕೂಲಲ್ಲಿ ಮಾಡಿ ಮೇಷ್ಟ್ರೇ," ಎಂದು ಟ್ಯಾಬ್ ಕಿತ್ತುಕೊಂಡು ತಾವೇ 'ಖಾಲಿ' ಒತ್ತಿದರು.

ಅಷ್ಟರಲ್ಲಿ ಬಾಗಿಲು ತೆರೆದು, ಅಂಗಳಕ್ಕೆ ನೀರು ಚಿಮುಕಿಸಲು ಬಕೆಟ್ ಹಿಡಿದ ಮನೆಯಾಕೆ ಹೊರಬಂದರು. ನಾನು ನಡೆದದ್ದನ್ನು ಹೇಳಿದೆ.

"ಖಾಲಿನಾ? ಐದು ಜನ ಇದೀವಿ ಕಣ್ರೀ! ಅತ್ತೆ ಹಾಸಿಗೆ ಹಿಡಿದವ್ರೆ. ನೀರು ನಿಲ್ಲಿಸ್ಬುಟ್ರೆ ಅವರ ಬಟ್ಟೆ ಎಂಗ್ರೀ ಒಗೀಲಿ?"

"ಒತ್ತಿ ಆಯ್ತಲ್ಲಮ್ಮ, ವಾಪಸ್ ಬರಲ್ಲ. ಅರ್ಜಿ ಕೊಡಿ, ಪರಿಶೀಲನೆಗೆ ನಾನೇ ಬರ್ತೀನಿ," ಎಂದರು ಮೇಲ್ವಿಚಾರಕರು.

"ಈಗ ಬಂದೇ ಇದೀರಲ್ಲ, ನೋಡ್ಕೊಳ್ಳಿ!"

"ಇದು ಆ ಪರಿಶೀಲನೆ ಅಲ್ಲ ಕಣಮ್ಮ."

ನನಗೆ ಬಂದ ಕೋಪವನ್ನು ದಾಖಲಿಸಲು ಟ್ಯಾಬಿನಲ್ಲಿ ಕಾಲಂ ಇರಲಿಲ್ಲ. ಮೂರನೇ ದಿನ ನೀರು ನಿಂತಿತು. ಆಕೆಯ ಅರ್ಜಿಗೆ ಅದೇ ಮೇಲ್ವಿಚಾರಕರ ಸಹಿಯಲ್ಲಿ ಉತ್ತರವೂ ಬಂದಿದೆ: ಪರಿಶೀಲನೆಯ ದಿನಾಂಕವನ್ನು ಮುಂಚಿತವಾಗಿ ತಿಳಿಸಲಾಗದು, ಆದ್ದರಿಂದ ನಿವಾಸಿಗಳು ಮುಂದಿನ ತಿಂಗಳಿಡೀ ಮನೆಯಲ್ಲೇ ಇರತಕ್ಕದ್ದು.