ಅಂಚು ನೋಡಿ

ಹೊಸಕೋಟೆ ಹತ್ತಿರದ ನಮ್ಮ ಲ್ಯಾಬಿನಲ್ಲಿ ಎಕ್ಸ್-ರೇ ಡಿಟೆಕ್ಟರಿನ ಚಿತ್ರಗಳ ಸೊಟ್ಟ ತೆಗೆಯುವುದು ಸೀನಿಯರ್ ಸಾರ್ ಕೆಲಸ. ಸಾಲಾಗಿ ತೂತು ಕೊರೆದ ಹಿತ್ತಾಳೆ ತಗಡನ್ನು ಡಿಟೆಕ್ಟರ್ ಮುಂದೆ ಇಟ್ಟರೆ, ಚಿತ್ರದ ನಡುವಿನ ಚುಕ್ಕಿಗಳು ನೆಟ್ಟಗಿದ್ದು ಅಂಚಿನವು ಬಾಗಿರುತ್ತಿದ್ದವು. ಸಾರ್ ಬರೆದ ಸಾಫ್ಟ್‌ವೇರ್ ಅವನ್ನು ಎಳೆದು ಸಾಲಿಗೆ ತರುತ್ತಿತ್ತು. ಅಷ್ಟಾದರೂ ನಂಬದೆ ಮಾನಿಟರಿಗೆ ಸ್ಕೇಲು ಒತ್ತಿ ಹಿಡಿದು, "ಮಧ್ಯ ಬಿಡ್ರಪ್ಪ, ಅಂಚು ನೋಡಿ" ಅನ್ನುತ್ತಿದ್ದರು.

ಲ್ಯಾಬಿನವರೆಲ್ಲ ಮಾಕಳಿದುರ್ಗದ ಬೆಟ್ಟಕ್ಕೆ ಹೋದಾಗ ಫೋನಿನಲ್ಲಿ ತೆಗೆದ ಗುಂಪು ಫೋಟೋದಲ್ಲಿ ಎರಡೂ ತುದಿಯಲ್ಲಿದ್ದವರ ಮುಖಗಳು ಎಳೆದಂತಾಗಿದ್ದವು. ಸಾರ್ ಅದನ್ನೂ ಅದೇ ಸಾಫ್ಟ್‌ವೇರಿಗೆ ಹಾಕಿ ನೆಟ್ಟಗೆ ಮಾಡಿ, ಫ್ರೇಮ್ ಹಾಕಿಸಿ, ಊಟದ ಕೋಣೆಯಲ್ಲಿ ತಗುಲಿಸಿದರು. ನಾನು ಮಧ್ಯದಲ್ಲಿದ್ದೆ. ಚೆನ್ನಾಗಿ ಬಂದಿದೆ ಅಂದೆ.

ನಮಗೆ ಅಡುಗೆ ಮಾಡುವ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು, ಈ ತುದಿಯಿಂದ ಆ ತುದಿವರೆಗೆ ನೋಡಿದರು. ಮತ್ತೆ ನೋಡಿದರು. ತಿದ್ದಿದ ಮೇಲೆ ಉಳಿಯುವ ಡೊಂಕು ಅಂಚನ್ನು ಸಾಫ್ಟ್‌ವೇರ್ ಕತ್ತರಿಸಿಬಿಡುತ್ತದೆ. ಆವತ್ತು ಬೆಟ್ಟದಲ್ಲಿ ಅಕ್ಕ ನಿಂತಿದ್ದು ಅಂಚಿನಲ್ಲಿ.

ಸಾರ್ ಕಿವಿ ಕೆಂಪಗಾಯಿತು. "ಅಕ್ಕ, ಅದು..." ಅಂದರು.

"ನಾನು ಆವಾಗ ನೀರು ತರಕ್ಕೋಗಿದ್ನೇನೋ ಬಿಡಿ ಸಾರ್" ಅಂದು ಅಕ್ಕ ಬಡಿಸಲು ಅನ್ನದ ಪಾತ್ರೆ ಎತ್ತಿಕೊಂಡರು.

ಸಾರ್ ಖಾಲಿ ತಟ್ಟೆ ಹಿಡಿದು ನಿಂತೇ ಇದ್ದರು. ಮುಂದೆ ಚಾಚಲು ಅವರಿಗೆ ಆಗಲಿಲ್ಲ.